ಕೈಕಾಲಿನ ದಡ್ಡು: ಯಾವುದನ್ನು ಬಿಡಬೇಕು, ಯಾವುದನ್ನು ಇಳಿಸಬೇಕು, ಯಾವುದರಿಂದ?

ನಮ್ಮ ಅಪ್ಪ 40 ವರ್ಷ ಮರಗೆಲಸ ಮಾಡಿದವರು. ಅವರ ಬಲಗೈ ಹಿಡಿದರೆ ಮೊದಲು ತಾಗುತ್ತಿದ್ದದ್ದು ಹೆಬ್ಬೆರಳಿನ ಬುಡದಲ್ಲಿದ್ದ ದಡ್ಡು. ಹಳದಿ ಬಣ್ಣ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಹೇಳಲಾಗದ ಹಾಗೆ ಸುತ್ತಲಿನ ಚರ್ಮದಲ್ಲಿ ಬೆರೆತುಹೋಗಿತ್ತು. ಉಗುರಲ್ಲಿ ತಟ್ಟಿದರೆ ಟಕ್ ಅನ್ನುತ್ತಿತ್ತು. ಅವರ ಬಲಗಾಲಿನ ಅಡಿಯಲ್ಲೂ ಅಂಥದ್ದೇ ಒಂದು ದಡ್ಡಿತ್ತು. ನೋಡೋಕೆ ಎರಡೂ ಒಂದೇ. ಕೈಯದು ಅಷ್ಟೂ ವರ್ಷ ಉಳಿಯ ಹಿಡಿಯಿಂದ ಅವರ ಅಂಗೈಯನ್ನು ಕಾಪಾಡಿತು. ಕಾಲಿನದು ಅವರನ್ನು ಎರಡು ತಿಂಗಳು ಮನೆಯಲ್ಲಿ ಕೂರಿಸಿತು.

ಹಾಗಾಗಿ "ದಡ್ಡಿಗೆ ಏನು ಹಚ್ಚಬೇಕು?" ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಹೇಳುವುದಿಲ್ಲ. ಎಲ್ಲಿದೆ, ನೋಯುತ್ತದಾ, ಅಲ್ಲಿ ಏನು ಉಜ್ಜುತ್ತಿದೆ, ನಿಮಗೆ ಶುಗರ್ ಇದೆಯಾ ಅಂತ ಮೊದಲು ಕೇಳುತ್ತೇನೆ. ಕಲ್ಲು, ಕ್ರೀಮು, ಪಟ್ಟಿ, ಬ್ಲೇಡು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಯಾವುದು ಯಾರಿಗೆ ಅನ್ನುವುದು ಮಾತ್ರ ಈ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ನಿಂತಿದೆ.

ಚರ್ಮ ಯಾಕೆ ಗಟ್ಟಿಯಾಗುತ್ತದೆ

ನಮ್ಮ ಚರ್ಮದ ಮೇಲ್ಪದರ ದಿನಾ ಸವೆಯುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ತಳದಲ್ಲಿ ಹುಟ್ಟಿದ ಒಂದು ಕೋಶ ಮೇಲಕ್ಕೆ ಬಂದು ಉದುರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಬರುವ ದಾರಿಯಲ್ಲಿ ಅದು ಸಾಯುತ್ತದೆ, ಕೆರಾಟಿನ್ ತುಂಬಿಕೊಂಡು ಚಪ್ಪಟೆಯಾಗುತ್ತದೆ. ಉಗುರು, ಕೂದಲು ಆಗಿರುವುದೂ ಇದೇ ಕೆರಾಟಿನ್‌ನಿಂದ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಡ, ಉಜ್ಜಾಟ ಬಿದ್ದರೆ ಚರ್ಮ ಅಲ್ಲಿ ಕೋಶಗಳನ್ನು ಬೇಗ ಬೇಗ ತಯಾರಿಸುತ್ತದೆ. ಉದುರುವುದು ಮಾತ್ರ ಅಷ್ಟು ಬೇಗ ಆಗುವುದಿಲ್ಲ. ಪದರದ ಮೇಲೆ ಪದರ ಕೂತು ದಡ್ಡು ಕಟ್ಟುತ್ತದೆ. ಜಡ್ಡುಗಟ್ಟುವುದು ಅಂತ ಕೆಲವರು ಹೇಳುವುದೂ ಇದನ್ನೇ.

ಒಂದೇ ದಿನದಲ್ಲಿ ಜೋರಾಗಿ ಉಜ್ಜಿದರೆ ದಡ್ಡು ಬರುವುದಿಲ್ಲ, ಬೊಬ್ಬೆ ಬರುತ್ತದೆ. ಹೊಸ ಬೂಟು ಹಾಕಿ ಮೊದಲ ದಿನವೇ ಹತ್ತು ಕಿಲೋಮೀಟರ್ ನಡೆದರೆ ಹಿಮ್ಮಡಿಯಲ್ಲಿ ನೀರು ತುಂಬಿದ ಗುಳ್ಳೆ ಏಳುತ್ತದೆ. ಅದೇ ಬೂಟು ದಿನಾ ಸ್ವಲ್ಪ ಸ್ವಲ್ಪ ತಿಕ್ಕುತ್ತಿದ್ದರೆ ಅದೇ ಜಾಗ ದಡ್ಡಾಗುತ್ತದೆ. ಚರ್ಮಕ್ಕೆ ಸಮಯ ಸಿಕ್ಕಿದರೆ ಅದು ಹೊಂದಿಕೊಳ್ಳುತ್ತದೆ, ಸಿಗದಿದ್ದರೆ ಹರಿಯುತ್ತದೆ.

ಅಂಗೈ, ಅಂಗಾಲಿನ ಚರ್ಮ ಹುಟ್ಟಿನಿಂದಲೇ ಬೇರೆ ಥರ. ಕಣ್ಣಿನ ರೆಪ್ಪೆಯ ಮೇಲ್ಪದರ ಸುಮಾರು 0.05 ಮಿಲಿಮೀಟರ್ ಇದ್ದರೆ ಅಂಗಾಲಿನದು ಸುಮಾರು 1.5 ಮಿಲಿಮೀಟರ್. ಇಲ್ಲಿ ಕೂದಲಿಲ್ಲ, ಎಣ್ಣೆ ಸುರಿಸುವ ಗ್ರಂಥಿಗಳೂ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ತುಂಬಾ ಇವೆ. ಮುಖದ ಚರ್ಮಕ್ಕೆ ತನ್ನದೇ ಎಣ್ಣೆ ಇರುತ್ತದೆ, ಅಂಗಾಲಿಗೆ ನಾವೇ ಹಚ್ಚಬೇಕು. ದಡ್ಡು ಒಣಗಿ ಬಿರಿಯುವುದು ಮುಖ್ಯವಾಗಿ ಇದರಿಂದ.

ದಡ್ಡು ಬಂದರೆ ಕಾಲಿನ ಸ್ಪರ್ಶ ಸತ್ತುಹೋಗುತ್ತದೆ ಅಂತ ನಾನೂ ನಂಬಿದ್ದೆ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬೇರೆ ಕಥೆ ಹೇಳಿತು. ಕೀನ್ಯಾ ಮತ್ತು ಅಮೆರಿಕದಲ್ಲಿ ಬರಿಗಾಲಲ್ಲಿ ನಡೆಯುವವರನ್ನೂ ಬೂಟು ಹಾಕುವವರನ್ನೂ ಹೋಲಿಸಿ ನೋಡಿದ್ದರು. ಬರಿಗಾಲಿನವರ ದಡ್ಡು ಹೆಚ್ಚು ದಪ್ಪವಾಗಿತ್ತು, ಗಟ್ಟಿಯಾಗಿತ್ತು. ಆದರೆ ನೆಲದ ಕಂಪನ ಗುರುತಿಸುವ ಶಕ್ತಿ ಅದರಿಂದ ಕುಗ್ಗಿರಲಿಲ್ಲ. ಅಂದರೆ ಆರೋಗ್ಯವಂತರ ಕಾಲಿನಲ್ಲಿ ಸಮನಾಗಿ ಹರಡಿದ ದಡ್ಡು ಒಂದು ಕಾಯಿಲೆ ಅಲ್ಲ. ತೊಂದರೆ ಕೊಡುವುದು ಒಂದೇ ಕಡೆ ಗುಡ್ಡೆ ಕಟ್ಟಿದ ದಡ್ಡು.

ಮೊದಲು ಇದು ದಡ್ಡೇನಾ ನೋಡಿ

ದಡ್ಡು, ಆಣಿ, ನರುಲಿ ಮೂರನ್ನೂ ಜನ ಒಂದಕ್ಕೊಂದು ಬದಲಾಯಿಸಿ ಹೇಳುತ್ತಾರೆ. ಮದ್ದು ಕೆಲಸ ಮಾಡಲಿಲ್ಲ ಅನ್ನುವ ದೂರು ಎಷ್ಟೋ ಸಲ ಇಲ್ಲಿಂದಲೇ ಶುರು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ದಡ್ಡು ಅಗಲವಾಗಿರುತ್ತದೆ. ಅಂಚು ಸ್ಪಷ್ಟ ಇರುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಚರ್ಮದ ಗೆರೆಗಳು ಅದರ ಮೇಲೂ ಕಡಿಯದೆ ಮುಂದುವರಿದಿರುತ್ತವೆ. ಸಾಮಾನ್ಯವಾಗಿ ನೋವಿಲ್ಲ.

ಆಣಿ ಚಿಕ್ಕದು, ದುಂಡಗೆ, ನಡುವೆ ಒಂದು ಗಟ್ಟಿ ತಿರುಳು. ತಿರುಳಿನ ಚೂಪು ತುದಿ ಕೆಳಮುಖವಾಗಿರುತ್ತದೆ. ಅದಕ್ಕೇ ಬೂಟಿನಲ್ಲಿ ಕಲ್ಲು ಸಿಕ್ಕ ಹಾಗೆ ಚುಚ್ಚುತ್ತದೆ. ನೇರವಾಗಿ ಅದರ ಮೇಲೆ ಒತ್ತಿದರೆ ಜೀವ ಹೋಗುವಷ್ಟು ನೋವು. ಕಿರುಬೆರಳಿನ ಹೊರಬದಿ, ಮಡಚಿದ ಬೆರಳಿನ ಗೆಣ್ಣಿನ ಮೇಲೆ ಇದು ಜಾಸ್ತಿ. ಇನ್ನೊಂದು ಜಾತಿ ಇದೆ, ಮೆತ್ತನೆ ಆಣಿ. ಅದು ಬೆರಳ ಸಂದಿಯಲ್ಲಿ, ಅದರಲ್ಲೂ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಆಗುತ್ತದೆ. ಬೆವರಿಗೆ ನೆನೆದು ಬೆಳ್ಳಗೆ, ಒದ್ದೆಯಾಗಿ ಕಾಣುತ್ತದೆ. ಫಂಗಸ್ ಅಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ.

ನರುಲಿಗೆ ಕಾರಣ ಒತ್ತಡ ಅಲ್ಲ, ವೈರಸ್. ಹ್ಯೂಮನ್ ಪ್ಯಾಪಿಲೋಮಾ ವೈರಸ್ ಅಂತ ಅದರ ಹೆಸರು. ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಗುರುತಿಸೋಕೆ ಮೂರು ದಾರಿ ಇವೆ. ಚರ್ಮದ ಗೆರೆಗಳು ನರುಲಿಯ ಹತ್ತಿರ ಬಂದು ನಿಂತು ಸುತ್ತಿ ಹೋಗುತ್ತವೆ. ಒಳಗೆ ಸಣ್ಣ ಕಪ್ಪು ಚುಕ್ಕಿಗಳು ಕಾಣಬಹುದು, ಅವು ರಕ್ತ ಹೆಪ್ಪುಗಟ್ಟಿದ ಎಳೆನಾಳಗಳು. ಮತ್ತೆ ನೋವು. ಆಣಿಯನ್ನು ಮೇಲಿನಿಂದ ಒತ್ತಿದರೆ ನೋವು ಜಾಸ್ತಿ, ನರುಲಿಯನ್ನು ಎರಡು ಬದಿಯಿಂದ ಚಿವುಟಿದರೆ ನೋವು ಜಾಸ್ತಿ. ಮಕ್ಕಳ ಅಂಗಾಲಿನಲ್ಲಿ "ದಡ್ಡು" ಕಂಡರೆ ಮೊದಲು ನರುಲಿಯನ್ನೇ ಅನುಮಾನಿಸಿ. ಅದನ್ನು ಕಲ್ಲಿನಿಂದ ಉಜ್ಜಬೇಡಿ, ಅದೇ ಕಲ್ಲು ವೈರಸ್ಸನ್ನು ಪಕ್ಕದ ಚರ್ಮಕ್ಕೆ ಸಾಗಿಸಬಹುದು.

"ಆಣಿಗೆ ಬೇರಿದೆ, ಬೇರು ಸಮೇತ ಕೀಳಬೇಕು" ಅನ್ನುವ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಆಣಿಗೆ ಬೇರಿಲ್ಲ. ಆ ತಿರುಳು ಒತ್ತಿ ಒತ್ತಿ ಗಟ್ಟಿಯಾದ ಸತ್ತ ಚರ್ಮ, ಅಷ್ಟೇ. ಕಿತ್ತ ಮೇಲೂ ಅದು ಮತ್ತೆ ಬರುವುದು ಬೇರು ಉಳಿದಿದ್ದರಿಂದ ಅಲ್ಲ, ಬೂಟು ಬದಲಾಗದ್ದರಿಂದ. ಈ ಒಂದು ವಿಷಯ ಗೊತ್ತಿದ್ದರೆ ಸೂಜಿ, ಬ್ಲೇಡು ಹಿಡಿದು ಆಳಕ್ಕೆ ಕೆದಕುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಎರಡೂ ಅಂಗೈ ಕೆಲಸವಿಲ್ಲದೆಯೂ ದಪ್ಪವಾಗಿದ್ದರೆ, ತುರಿಕೆ ಇದ್ದರೆ, ಸಿಪ್ಪೆ ಏಳುತ್ತಿದ್ದರೆ ಅದು ಸೋರಿಯಾಸಿಸ್, ಎಕ್ಸಿಮಾ ಅಥವಾ ಮನೆತನದಲ್ಲಿ ಬಂದ ಚರ್ಮದ ತೊಂದರೆ ಆಗಿರಬಹುದು. ಎರಡು ಕಾಲು ಮತ್ತು ಒಂದೇ ಒಂದು ಕೈ ಒಣಗಿ ದಪ್ಪವಾಗಿದ್ದರೆ ಫಂಗಸ್ ಇರುವ ಸಾಧ್ಯತೆ ಹೆಚ್ಚು. ಇವಕ್ಕೆಲ್ಲ ಈ ಲೇಖನದ ಮದ್ದು ಆಗುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ.

ಕೈಯ ದಡ್ಡು: ಬಿಡೋದಾ, ಇಳಿಸೋದಾ?

ಕೈಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನೋವಿಲ್ಲ, ಬಿರಿದಿಲ್ಲ, ಕೆಲಸ ನಡೆಯುತ್ತಿದೆ ಅಂದರೆ ಬಿಡಿ. ಅದು ನೀವು ದುಡಿದು ಗಳಿಸಿದ ಕೈಗವಸು. ಗಿಟಾರ್ ಕಲಿಯುವವರ ಎಡಗೈ ಬೆರಳ ತುದಿ ಮೊದಲ ಕೆಲವು ವಾರ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಅದನ್ನು ಉಜ್ಜಿ ತೆಗೆದರೆ ಮತ್ತೆ ಮೊದಲಿನಿಂದ ಉರಿ. ಸ್ನಾನ ಮಾಡಿ ಬೆರಳು ನೆನೆದಿರುವಾಗಲೇ ತಂತಿ ಮುಟ್ಟಬೇಡಿ, ಮೆತ್ತಗಾದ ದಡ್ಡು ಸಿಪ್ಪೆಯ ಹಾಗೆ ಏಳುತ್ತದೆ.

ಭಾರ ಎತ್ತುವವರು, ಜಿಮ್ನಾಸ್ಟಿಕ್ಸ್ ಮಾಡುವವರು, ಬಂಡೆ ಹತ್ತುವವರ ಕಥೆ ಸ್ವಲ್ಪ ಬೇರೆ. ಅವರಿಗೆ ದಡ್ಡು ಬೇಕು, ಆದರೆ ಉಬ್ಬಿದ ದಡ್ಡು ಬೇಡ. ಉಬ್ಬಿದ ಅಂಚಿಗೆ ಸರಳು ಸಿಕ್ಕಿಕೊಂಡರೆ ದಡ್ಡು ಬುಡಸಮೇತ ಹರಿದು ಬರುತ್ತದೆ, ಕೆಳಗೆ ಕೆಂಪು ಹಸಿ ಚರ್ಮ ಉಳಿಯುತ್ತದೆ. ಹಾಗಾಗಿ ಅವರು ವಾರಕ್ಕೊಮ್ಮೆಯಾದರೂ ಫೈಲಿನಿಂದ, ಅಂದರೆ ಒರಟು ಉಜ್ಜುಪಟ್ಟಿಯಿಂದ ಉಜ್ಜಿ ಅಕ್ಕಪಕ್ಕದ ಚರ್ಮಕ್ಕೆ ಸಮ ಮಾಡಿಕೊಳ್ಳಬೇಕು. ಪೂರ್ತಿ ತೆಗೆಯಬಾರದು. ಬೆರಳಿಂದ ಸವರಿದಾಗ ಏಣು ಸಿಗದಿದ್ದರೆ ಸಾಕು. ಸರಳು ಹಿಡಿಯುವಾಗ ಅಂಗೈ ನಡುವಿಗಿಂತ ಬೆರಳ ಬುಡದ ಹತ್ತಿರ ಹಿಡಿದರೆ ಚರ್ಮ ಮಡಿಚಿ ಸಿಕ್ಕಿಕೊಳ್ಳುವುದು ಕಡಿಮೆ.

ಕೈಗವಸು ಹಾಕಿದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಗುದ್ದಲಿ, ಕೊಡಲಿ ಹಿಡಿದು ಅಪರೂಪಕ್ಕೆ ಕೆಲಸ ಮಾಡುವವರಿಗೆ ಖಂಡಿತ ಒಳ್ಳೆಯದು. ಅವರಿಗೆ ದಡ್ಡು ಕಟ್ಟುವಷ್ಟು ಸಮಯವೇ ಸಿಗುವುದಿಲ್ಲ, ನೇರ ಬೊಬ್ಬೆಯೇ. ಆದರೆ ಸಡಿಲ ಗವಸು ಹಾಕಬೇಡಿ, ಒಳಗೆ ಸರಿದಾಡಿ ಅದೇ ಉಜ್ಜುತ್ತದೆ. ದಿನಾ ಉಪಕರಣ ಹಿಡಿಯುವವರಿಗೆ ಗವಸಿಗಿಂತ ಹಿಡಿಯನ್ನು ಸರಿ ಮಾಡಿಕೊಳ್ಳುವುದು ಮೇಲು. ಸಣ್ಣ ಹಿಡಿಗೆ ಬಟ್ಟೆಯನ್ನೋ ರಬ್ಬರನ್ನೋ ಸುತ್ತಿ ದಪ್ಪ ಮಾಡಿದರೆ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಪೆನ್ನು ಒತ್ತಿ ನಡುಬೆರಳಿನಲ್ಲಿ ಉಬ್ಬು ಬಂದವರಿಗೂ ಇದೇ ಮಾತು. ದಪ್ಪ ಪೆನ್ನು, ಹಗುರ ಹಿಡಿತ.

ಅಪ್ಪ ಕೆಲಸ ಬಿಟ್ಟ ವರ್ಷ ನಾನು ಒಂದು ವಿಷಯ ಗಮನಿಸಿದೆ. ಯಾವ ಮದ್ದೂ ಇಲ್ಲದೆ ಅವರ ಅಂಗೈಯ ದಡ್ಡು ತೆಳ್ಳಗಾಗುತ್ತಾ ಬಂತು. ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ಸ್ವಲ್ಪ ಹೊಳಪು ಮಾತ್ರ ಉಳಿದಿತ್ತು. ಉಳಿ ಹೋಯಿತು, ದಡ್ಡೂ ಹೋಯಿತು. ಕಾಲಿನದು ಮಾತ್ರ ಹೋಗಲಿಲ್ಲ, ಯಾಕೆಂದರೆ ನಡೆಯುವುದು ನಿಲ್ಲಲಿಲ್ಲ, ಬೂಟೂ ಬದಲಾಗಲಿಲ್ಲ.

ಉಜ್ಜುವುದಾದರೆ ಯಾವುದರಿಂದ

ಪ್ಯೂಮಿಸ್ ಕಲ್ಲು ಜ್ವಾಲಾಮುಖಿಯಿಂದ ಬಂದ ಕಲ್ಲು. ಒಳಗೆಲ್ಲ ತೂತು, ನೀರಿನಲ್ಲಿ ತೇಲುವಷ್ಟು ಹಗುರ. ನಿಧಾನ ಕೆಲಸ ಮಾಡುತ್ತದೆ, ಅದೇ ಅದರ ಒಳ್ಳೆಯ ಗುಣ. ಅತಿಯಾಗಿ ತೆಗೆಯುವ ಮೊದಲೇ ಕೈ ಸೋತು ನಿಲ್ಲಿಸುತ್ತೀರಿ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಒಂದು ಕೊರತೆ, ತೂತುಗಳಲ್ಲಿ ಸತ್ತ ಚರ್ಮ ಕೂತು ಕೊಳೆಯುತ್ತದೆ. ಪ್ರತಿ ಸಲ ಬ್ರಶ್ಶಿನಿಂದ ತಿಕ್ಕಿ ತೊಳೆದು ಒಣಗಿಸಬೇಕು. ಒಬ್ಬರ ಕಲ್ಲು ಇನ್ನೊಬ್ಬರು ಬಳಸಬಾರದು.

ಫುಟ್ ಫೈಲ್ ಅಂದರೆ ಹಿಡಿಯಿರುವ ಉಜ್ಜುಪಟ್ಟಿ. ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ಹಿಮ್ಮಡಿಯಂಥ ದೊಡ್ಡ ಜಾಗಕ್ಕೆ, ಬಗ್ಗಲು ಕಷ್ಟ ಇರುವವರಿಗೆ ಕಲ್ಲಿಗಿಂತ ಇದೇ ಅನುಕೂಲ. ಲೋಹದ ತುರಿಮಣೆ ಥರದ ಫೈಲ್ ಬೇಡ. ಅದು ಉಜ್ಜುವುದಿಲ್ಲ, ಹೆರೆಯುತ್ತದೆ.

ಬ್ಯಾಟರಿಯಿಂದ ತಿರುಗುವ ಉರುಳೆ ಬೇಗ ಕೆಲಸ ಮುಗಿಸುತ್ತದೆ. ಒಣ ಚರ್ಮದ ಮೇಲೆ ಬಳಸಬೇಕು, ಒಂದೇ ಜಾಗದಲ್ಲಿ ಕೆಲವೇ ಸೆಕೆಂಡು. ಬಿಸಿ ಅನ್ನಿಸಿದರೆ ಎತ್ತಿಬಿಡಿ. ಕೈಯಲ್ಲಿ ಬಲ ಇಲ್ಲದವರಿಗೆ ಇದು ಉಪಕಾರಿ, ಉಳಿದವರಿಗೆ ಅಷ್ಟೇನೂ ಬೇಕಿಲ್ಲ.

ಬ್ಲೇಡು ಬೇಡ. ದಡ್ಡು ಹೆರೆಯೋಕೆ ಅಂತಲೇ ಮಾರುವ ಬ್ಲೇಡಿನ ಹಿಡಿಯೂ ಬೇಡ. ಸತ್ತ ಪದರ ಎಲ್ಲಿ ಮುಗಿಯಿತು, ಜೀವಂತ ಚರ್ಮ ಎಲ್ಲಿ ಶುರುವಾಯಿತು ಅನ್ನುವುದು ರಕ್ತ ಬಂದ ಮೇಲೇ ಗೊತ್ತಾಗುವುದು. ಅಂಗಾಲಿನ ಗಾಯದ ಮೇಲೆ ಮರುದಿನವೂ ನಡೆಯಲೇಬೇಕು, ಅದು ಮಾಯುವುದು ನಿಧಾನ.

ಯಾವುದನ್ನು ಆರಿಸಿದರೂ ವಿಧಾನವೇ ಮುಖ್ಯ. ಉಗುರುಬೆಚ್ಚನೆ ನೀರಿನಲ್ಲಿ 5ರಿಂದ 10 ನಿಮಿಷ ಕಾಲಿಡಿ. ಅರ್ಧ ಗಂಟೆ ನೆನೆಸಬೇಡಿ, ಒಳ್ಳೆಯ ಚರ್ಮವೂ ಮೆತ್ತಗಾಗಿ ಉಜ್ಜಿದಾಗ ಅದೂ ಹೋಗುತ್ತದೆ. ಕಲ್ಲನ್ನೂ ಒದ್ದೆ ಮಾಡಿ. ಹಗುರವಾಗಿ, ಒಂದೇ ದಿಕ್ಕಿಗೆ ಅಥವಾ ಸುತ್ತುತ್ತಾ ಉಜ್ಜಿ. ಬೂದಿ ಬಣ್ಣದ ಮಡ್ಡಿ ಬರುತ್ತದೆ, ತೊಳೆಯಿರಿ, ಬೆರಳಿಂದ ಮುಟ್ಟಿ ನೋಡಿ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗುವ ಮೊದಲೇ ನಿಲ್ಲಿಸಬೇಕು. ಒಂದೇ ಸಲಕ್ಕೆ ಪೂರ್ತಿ ತೆಗೆಯುವ ಆಸೆ ಬೇಡ. ಒಂದು ಕೂತಲ್ಲಿ ತೆಳ್ಳನೆ ಪದರ, ವಾರಕ್ಕೆ ಎರಡು ಮೂರು ಸಲ. ಉಜ್ಜಿ ಒರೆಸಿದ ಕೂಡಲೇ ಕ್ರೀಮ್ ಹಚ್ಚಿ. ಉಜ್ಜಿ ಸುಮ್ನೆ ಬಿಟ್ಟರೆ ಚರ್ಮ ಒಣಗಿ ಮೊದಲಿಗಿಂತ ಒರಟಾಗುತ್ತದೆ.

ಹಚ್ಚುವ ಮದ್ದುಗಳಲ್ಲಿ ಯಾವುದು

ಇಲ್ಲಿ ಹೆಸರುಗಳು ನೂರಿದ್ದರೂ ಒಳಗಿರುವ ಸಾಮಾನು ನಾಲ್ಕೈದೇ. ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗ ಓದಿ.

ಬರೀ ಜಿಡ್ಡು, ಅಂದರೆ ಪೆಟ್ರೋಲಿಯಂ ಜೆಲ್ಲಿ ಅಥವಾ ಎಣ್ಣೆ. ಇದು ದಡ್ಡನ್ನು ಕರಗಿಸುವುದಿಲ್ಲ. ಚರ್ಮದಲ್ಲಿರುವ ನೀರು ಹಾರಿಹೋಗದಂತೆ ಮುಚ್ಚಳ ಹಾಕುತ್ತದೆ. ಕಾಲು ತೊಳೆದು ಇನ್ನೂ ತೇವ ಇರುವಾಗಲೇ ಹಚ್ಚಿ ಹತ್ತಿಯ ಸಾಕ್ಸ್ ಹಾಕಿ ಮಲಗಿದರೆ ಬೆಳಗ್ಗೆ ವ್ಯತ್ಯಾಸ ಕಾಣುತ್ತದೆ. ಹಿಮ್ಮಡಿ ಸ್ವಲ್ಪ ಒಡೆದವರಿಗೆ, ಖರ್ಚು ಬೇಡ ಅನ್ನುವವರಿಗೆ ಇದು ಸಾಕು.

ಯೂರಿಯಾ ಕ್ರೀಮ್ ನನ್ನ ಮಟ್ಟಿಗೆ ಕಾಲಿನ ದಡ್ಡಿಗೆ ಮೊದಲ ಆಯ್ಕೆ. ಯೂರಿಯಾ ನಮ್ಮ ಚರ್ಮದಲ್ಲೇ ಸ್ವಲ್ಪ ಇರುವ ವಸ್ತು, ನೀರನ್ನು ಹಿಡಿದಿಡುತ್ತದೆ. ಪ್ರಮಾಣ ನೋಡಿಕೊಳ್ಳುವುದು ಮುಖ್ಯ. ಶೇ 10ರವರೆಗೆ ಇದ್ದರೆ ಅದು ತೇವ ಕೊಡುವ ಕ್ರೀಮ್. ಶೇ 20ರಿಂದ ಮೇಲೆ ಹೋದಂತೆ ಗಟ್ಟಿ ಕೆರಾಟಿನ್ನನ್ನು ಸಡಿಲಿಸುತ್ತದೆ. ಶೇ 40 ತುಂಬಾ ದಪ್ಪ ದಡ್ಡಿಗೆ, ಅದನ್ನು ದಡ್ಡಿನ ಮೇಲಷ್ಟೇ ಹಚ್ಚಬೇಕು. ದಿನಕ್ಕೊಮ್ಮೆ ಹಚ್ಚುತ್ತಾ ಎರಡು ಮೂರು ವಾರ ತಾಳ್ಮೆಯಿಂದ ಇದ್ದರೆ ಕಲ್ಲಿನ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬಿರುಕಿನ ಮೇಲೆ ಹಚ್ಚಿದರೆ ಉರಿಯುತ್ತದೆ. ಆಗ ಮೊದಲು ಜೆಲ್ಲಿಯಿಂದ ಬಿರುಕು ಮುಚ್ಚಲಿ, ಆಮೇಲೆ ಯೂರಿಯಾ. ಲ್ಯಾಕ್ಟಿಕ್ ಆಸಿಡ್ ಇರುವ ಲೋಷನ್ನೂ ಇದೇ ಸಾಲಿಗೆ ಸೇರುತ್ತದೆ. ಯೂರಿಯಾ ಒಗ್ಗದವರು ಅದನ್ನು ನೋಡಬಹುದು.

ಸ್ಯಾಲಿಸಿಲಿಕ್ ಆಸಿಡ್ ಹೆಚ್ಚು ಖಾರದ ಮದ್ದು. ಹನಿ ಹಾಕುವ ದ್ರವದ ರೂಪದಲ್ಲಿ ಶೇ 17ರ ಆಸುಪಾಸು, ಆಣಿ ಪಟ್ಟಿಗಳಲ್ಲಿ ಶೇ 40ರವರೆಗೆ ಇರುತ್ತದೆ. ಆಣಿಗೂ ನರುಲಿಗೂ ಇದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಸತ್ತ ಚರ್ಮ ಯಾವುದು, ಒಳ್ಳೆಯ ಚರ್ಮ ಯಾವುದು ಅಂತ ಗೊತ್ತಿಲ್ಲ. ತಾಗಿದ್ದನ್ನೆಲ್ಲ ಬೇಯಿಸುತ್ತದೆ. ನನ್ನ ಕಿರುಬೆರಳಿನ ಆಣಿಗೆ ಒಮ್ಮೆ ಇಂಥ ಪಟ್ಟಿ ಹಾಕಿದ್ದೆ. ಆಣಿ ಮೆಣಸಿನಕಾಳಿನಷ್ಟು, ಪಟ್ಟಿ ಅದರ ಮೂರರಷ್ಟು. ಕತ್ತರಿಸದೆ ಹಾಗೇ ಅಂಟಿಸಿ ಮೂರು ದಿನ ಬಿಟ್ಟೆ. ತೆಗೆದಾಗ ಬೆರಳಿನ ಪೂರಾ ಒಂದು ಬದಿ ಬೆಳ್ಳಗೆ ನೆಂದ ಕಾಗದದ ಹಾಗಿತ್ತು. ಮರುದಿನ ಆ ಬಿಳಿ ಸುಲಿದು ಕೆಳಗೆ ಹಸಿ ಕೆಂಪು. ಎರಡು ವಾರ ಬೂಟು ಹಾಕಲು ಆಗಲಿಲ್ಲ, ಆಣಿ ಮಾತ್ರ ಇದ್ದಲ್ಲೇ ಇತ್ತು.

ಸರಿಯಾದ ಕ್ರಮ ಹೀಗೆ. ಪಟ್ಟಿಯನ್ನು ಆಣಿಯ ಅಳತೆಗೆ, ಬೇಕಿದ್ದರೆ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿಯೇ ಕತ್ತರಿಸಿ. ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ಆಣಿಯ ಮೇಲೆ ಜೆಲ್ಲಿ ಬೀಳದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ 48 ಗಂಟೆ ಬಿಟ್ಟು ತೆಗೆದು, ಕಾಲು ನೆನೆಸಿ, ಬಿಳಿಯಾದ ಪದರವನ್ನು ಉಜ್ಜಿ, ಹೊಸ ಪಟ್ಟಿ ಹಾಕುತ್ತಾರೆ. ಎರಡು ವಾರದ ಮೇಲೆ ಮುಂದುವರಿಸಬೇಡಿ. ಪ್ಯಾಕೆಟ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಅನುಸರಿಸಿ. ಬೆರಳ ಸಂದಿಯ ಮೆತ್ತನೆ ಆಣಿಗೆ ಇದು ಬೇಡವೇ ಬೇಡ. ಶುಗರ್ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಕಾಲು ಜೋಮು ಹಿಡಿದಂತೆ ಇರುವವರು ಈ ಪಟ್ಟಿಯನ್ನು ಮನೆಯಲ್ಲಿ ಮುಟ್ಟಲೂಬಾರದು.

ಆಸಿಡ್ ತುಂಬಿದ ಪ್ಲಾಸ್ಟಿಕ್ ಸಾಕ್ಸ್ ಕೂಡ ಸಿಗುತ್ತದೆ. ಒಂದು ಗಂಟೆ ಹಾಕಿಕೊಂಡರೆ ವಾರದೊಳಗೆ ಇಡೀ ಪಾದದ ಮೇಲ್ಪದರ ಹಾವಿನ ಪೊರೆಯ ಹಾಗೆ ಸುಲಿಯುತ್ತದೆ. ನೋಡೋಕೆ ಭಾರಿ ಅನ್ನಿಸುತ್ತದೆ. ಆದರೆ ಅದು ದಡ್ಡಿರುವ ಕಡೆ, ಇಲ್ಲದ ಕಡೆ ಒಂದೇ ಸಮ ಸುಲಿಯುತ್ತದೆ, ಒತ್ತಡದ ಜಾಗದ ದಪ್ಪ ದಡ್ಡು ಅರ್ಧ ಹಾಗೇ ಉಳಿಯುತ್ತದೆ. ಒರಟು ಪಾದ ನಯವಾಗಬೇಕು ಅನ್ನುವವರಿಗೆ ಸರಿ, ನೋಯುವ ದಡ್ಡಿಗೆ ಅಲ್ಲ.

ಒತ್ತಡ ತೆಗೆಯುವುದು: ಪಟ್ಟಿ, ಇನ್‌ಸೋಲ್, ಬೂಟು

ನನಗೆ ಒಂದೇ ಒಂದಕ್ಕೆ ದುಡ್ಡು ಹಾಕು ಅಂದರೆ ನಾನು ಇಲ್ಲಿ ಹಾಕುತ್ತೇನೆ. ಮೇಲಿನ ಎಲ್ಲವೂ ಬಂದ ದಡ್ಡನ್ನು ಇಳಿಸುತ್ತವೆ, ಇದು ಬರುವುದನ್ನೇ ತಡೆಯುತ್ತದೆ.

ಇವತ್ತೇ ನೋವು ಕಡಿಮೆಯಾಗಬೇಕು ಅಂದರೆ ನಡುವೆ ತೂತಿರುವ ದುಂಡನೆ ಪಟ್ಟಿ, ಮದ್ದಿಲ್ಲದ್ದು. ಆಣಿ ತೂತಿನಲ್ಲಿ ಕೂರುತ್ತದೆ, ಭಾರ ಸುತ್ತಲಿನ ಉಂಗುರಕ್ಕೆ ಹೋಗುತ್ತದೆ. ಬೆರಳಿನ ಮೇಲಿನ ಆಣಿಗೆ ಸಿಲಿಕೋನ್ ಕೊಳವೆ, ಬೆರಳ ಸಂದಿಯ ಆಣಿಗೆ ಎರಡು ಬೆರಳು ದೂರ ಇಡುವ ತುಂಡು ಸಿಗುತ್ತವೆ. ಆದರೆ ಈಗಾಗಲೇ ಬಿಗಿ ಇರುವ ಬೂಟಿನೊಳಗೆ ಪಟ್ಟಿ ತುರುಕಿದರೆ ಒತ್ತಡ ಇನ್ನೂ ಜಾಸ್ತಿ.

ಬೆರಳುಗಳ ಬುಡದ ಕೆಳಗೆ, ಪಾದದ ಮುಂಭಾಗದಲ್ಲಿ ದಡ್ಡಿದ್ದರೆ ಇನ್‌ಸೋಲ್, ಅಂದರೆ ಬೂಟಿನೊಳಗೆ ಹಾಸುವ ಮೆತ್ತೆ ಬೇಕಾಗುತ್ತದೆ. ಎಲ್ಲರೂ ಮಾಡುವ ತಪ್ಪು ಅಂದರೆ ಮೆತ್ತೆಯನ್ನು ದಡ್ಡಿನ ಕೆಳಗೇ ಇಡುವುದು. ಅದು ಇರಬೇಕಾದ್ದು ದಡ್ಡಿನ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಅದು ಮೂಳೆಯನ್ನು ಸ್ವಲ್ಪ ಎತ್ತಿ ಹಿಡಿದು ಮುಂದಿನ ಭಾರ ಇಳಿಸುತ್ತದೆ. ಸರಿಯಾದ ಜಾಗ ಹುಡುಕಲು ಸುಲಭ ಉಪಾಯ ಇದೆ. ದಡ್ಡಿನ ಮೇಲೆ ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿ ಬೂಟು ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಒಳಗಿನ ಹಾಸಿನ ಮೇಲೆ ಕೆಂಪು ಗುರುತು ಬೀಳುತ್ತದೆ. ಆ ಗುರುತಿನ ಹಿಂದಕ್ಕೆ ಮೆತ್ತೆ ಅಂಟಿಸಿ.

ಬೂಟಿನ ವಿಷಯಕ್ಕೆ ಬಂದರೆ, ಒಂದು ಹಾಳೆ ನೆಲದ ಮೇಲಿಟ್ಟು ಬರಿಗಾಲಲ್ಲಿ ಅದರ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಬೂಟು ಇಡಿ. ಗೆರೆ ಎಲ್ಲಿ ಹೊರಗೆ ಕಾಣುತ್ತದೋ ಅಲ್ಲೇ ನಿಮ್ಮ ಆಣಿ ಇರುತ್ತದೆ. ನಾನು ಮಾಡಿ ನೋಡಿದಾಗ ಕಿರುಬೆರಳಿನ ಹತ್ತಿರ ಪೆನ್ಸಿಲ್ ಗೆರೆ ಒಂದು ಸೆಂಟಿಮೀಟರ್ ಹೊರಗಿತ್ತು. ದಿನಕ್ಕೆ ಹತ್ತು ಗಂಟೆ ಅಷ್ಟು ಬೆರಳನ್ನು ಒಳಗೆ ಒತ್ತಿ ಇಡುತ್ತಿದ್ದೆ ಅಂತ ಆಗ ಅರ್ಥವಾಯಿತು. ಅಗಲ ಮೂತಿಯ ಬೂಟಿಗೆ ಬದಲಾದ ಮೇಲೆ ಆ ಆಣಿ ಯಾವ ಪಟ್ಟಿಯೂ ಇಲ್ಲದೆ ಎರಡು ಮೂರು ತಿಂಗಳಲ್ಲಿ ಹೋಯಿತು.

ಬೂಟು ಕೊಳ್ಳುವುದು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ. ನಿಂತು ನೋಡಬೇಕು. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ. ಆ ಉದ್ದದ ಬೆರಳು ಹೆಬ್ಬೆರಳೇ ಆಗಬೇಕಿಲ್ಲ. ಬಿಗಿ ಬೂಟಿನಷ್ಟೇ ಸಡಿಲ ಬೂಟೂ ಕೆಟ್ಟದ್ದು, ಒಳಗೆ ಕಾಲು ಜಾರಿ ಜಾರಿ ಹಿಮ್ಮಡಿ ಉಜ್ಜುತ್ತದೆ. ಬೂಟಿನ ಹಿಮ್ಮಡಿ ಎತ್ತರವಾದಷ್ಟೂ ಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ. ದಿನವಿಡೀ ನಿಲ್ಲುವ ಕೆಲಸದವರು ಎತ್ತರದ ಹಿಮ್ಮಡಿಯನ್ನು ಸಮಾರಂಭಗಳಿಗಷ್ಟೇ ಇಟ್ಟುಕೊಳ್ಳಲಿ. ಸಾಕ್ಸ್ ಹಾಕದೆ ಬೂಟು ಹಾಕುವ ಅಭ್ಯಾಸ ಇದ್ದರೆ ಬಿಡಿ.

ಹಳೆಯ ಚಪ್ಪಲಿಯ ತಳ ತಿರುಗಿಸಿ ನೋಡಿ. ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿ ನಿಮ್ಮ ಭಾರ ಬೀಳುತ್ತಿದೆ. ಒಳ್ಳೆಯ ಬೂಟು ಹಾಕಿಯೂ ದಡ್ಡು ಹೋಗದಿದ್ದರೆ ಕಾರಣ ಪಾದದ ಆಕಾರದಲ್ಲೇ ಇರಬಹುದು. ಚಪ್ಪಟೆ ಪಾದ, ತುಂಬಾ ಕಮಾನಾದ ಪಾದ, ಮಡಚಿಕೊಂಡ ಬೆರಳು, ಹೆಬ್ಬೆರಳ ಬುಡದಲ್ಲಿ ಹೊರಗೆ ಚಾಚಿದ ಮೂಳೆ. ಆಗ ಮೂಳೆ ಡಾಕ್ಟರ್ ಅಥವಾ ಪಾದದ ತಜ್ಞರು ಅಳತೆಗೆ ಇನ್‌ಸೋಲ್ ಮಾಡಿಸಿ ಕೊಡುತ್ತಾರೆ. ಆಪರೇಷನ್ ಕೊನೆಯ ದಾರಿ.

ಮನೆಯಲ್ಲೇ ಮಾಡೋದಾ, ಡಾಕ್ಟರ ಹತ್ತಿರ ಹೋಗೋದಾ

ಆರೋಗ್ಯವಂತರು ನೋವಿಲ್ಲದ ದಡ್ಡಿಗೆ ಡಾಕ್ಟರ ಹತ್ತಿರ ಹೋಗಬೇಕಿಲ್ಲ. ಕೆಂಪಾಗಿ ಬಿಸಿ ಇದ್ದರೆ, ಕೀವು ಬಂದರೆ, ಬಿರುಕಿನಿಂದ ರಕ್ತ ಬಂದರೆ, ಮನೆಮದ್ದು ಮಾಡಿ ಕೆಲವು ವಾರ ಆದರೂ ನಡೆಯಲು ನೋವಿದ್ದರೆ ಹೋಗಿ. ಅವರು ಚೂಪು ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಾರೆ. ಸತ್ತ ಚರ್ಮವಾದ್ದರಿಂದ ಸಾಮಾನ್ಯವಾಗಿ ನೋಯುವುದಿಲ್ಲ, ಎದ್ದು ನಿಂತ ಕೂಡಲೇ ಹಗುರ ಅನ್ನಿಸುತ್ತದೆ.

ಶುಗರ್ ಇರುವವರಿಗೆ ಈ ಆಯ್ಕೆಯೇ ಇಲ್ಲ. ಅವರ ಕಾಲಿನ ದಡ್ಡನ್ನು ಡಾಕ್ಟರೇ ನೋಡಬೇಕು, ಚಿಕ್ಕದಿದ್ದರೂ ಸರಿ. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಕಾಲಿನ ನರಗಳು ನೋವಿನ ಸುದ್ದಿ ಮುಟ್ಟಿಸುವುದನ್ನು ಬಿಡುತ್ತವೆ. ದಡ್ಡು ಒಳಗಡೆ ಕಲ್ಲಿನ ಹಾಗೆ ಒತ್ತುತ್ತದೆ, ಅದರ ಕೆಳಗೆ ಹುಣ್ಣಾಗುತ್ತದೆ, ಮೇಲೆ ಏನೂ ಕಾಣುವುದಿಲ್ಲ. ದಡ್ಡನ್ನು ಹೆರೆದು ತೆಗೆದರೆ ಆ ಜಾಗದ ಒತ್ತಡ ಸುಮಾರು ನಾಲ್ಕನೇ ಒಂದು ಭಾಗ ಇಳಿಯುತ್ತದೆ ಅಂತ ಶುಗರ್ ಇರುವವರ ಪಾದಗಳನ್ನು ಅಳೆದು ನೋಡಿದವರು 1992ರಲ್ಲೇ ಬರೆದಿದ್ದಾರೆ.

ಅಪ್ಪನಿಗೆ ಆದದ್ದು ಇದೇ. ದಡ್ಡಿನ ನಡುವೆ ಒಂದು ಕಂದು ಮಚ್ಚೆ ಕಂಡಿತ್ತು. ಕೊಳೆ ಅಂದುಕೊಂಡು ಅವರು ಸೋಪು ಹಾಕಿ ತಿಕ್ಕುತ್ತಿದ್ದರು. ಅದು ಕೊಳೆ ಅಲ್ಲ, ದಡ್ಡಿನ ಕೆಳಗೆ ಒಸರಿದ ರಕ್ತ. ಡಾಕ್ಟರ್ ಹೆರೆಯುತ್ತಾ ಹೋದಂತೆ ಕೆಳಗೆ ಬಟಾಣಿಯಷ್ಟು ಹುಣ್ಣು ತೆರೆದುಕೊಂಡಿತು. ಅಪ್ಪ ಕುರ್ಚಿಯಲ್ಲಿ ಆರಾಮಾಗಿ ಕೂತು ಬೇರೇನೋ ಮಾತಾಡುತ್ತಿದ್ದರು, ಅವರಿಗೆ ಗೊತ್ತೇ ಆಗಲಿಲ್ಲ. ಅವರಿಗೆ ನೋವಾಗಲಿಲ್ಲ ಅನ್ನುವುದೇ ನನ್ನನ್ನು ಹೆದರಿಸಿತು. ಎರಡು ತಿಂಗಳು ಆ ಕಾಲಿಗೆ ಭಾರ ಹಾಕದೆ, ಡ್ರೆಸಿಂಗ್ ಮಾಡಿಸುತ್ತಾ ಇದ್ದು ಗುಣವಾಯಿತು.

ಈಗ ಅವರು ರಾತ್ರಿ ಮಲಗುವ ಮೊದಲು ನೆಲದ ಮೇಲೆ ಕನ್ನಡಿ ಇಟ್ಟು ಎರಡೂ ಅಂಗಾಲು ನೋಡಿಕೊಳ್ಳುತ್ತಾರೆ. ಕ್ರೀಮ್ ಹಚ್ಚುತ್ತಾರೆ, ಬೆರಳ ಸಂದಿ ಬಿಟ್ಟು, ಯಾಕೆಂದರೆ ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ. ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ತಡವಿ ನೋಡುತ್ತಾರೆ, ಕಲ್ಲೋ ಮಡಿಚಿದ ಹಾಸೋ ಇದೆಯಾ ಅಂತ. ನಾನು ತಿಂಗಳಿಗೊಮ್ಮೆ ಅವರ ಪಾದ ನನ್ನ ತೊಡೆಯ ಮೇಲಿಟ್ಟುಕೊಂಡು ಆ ಹಳೆಯ ಜಾಗವನ್ನು ಹೆಬ್ಬೆರಳಿಂದ ಸವರುತ್ತೇನೆ. ಚರ್ಮ ದಪ್ಪವಾಗುತ್ತಿದೆ ಅನ್ನಿಸಿದರೆ ಆ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.